ನೋ ಮ್ಯಾನ್ಸ್ ಸ್ಕೈ ಗೇಮ್‌ನಲ್ಲಿ ಬೇರೆ ಬಾಹ್ಯಾಕಾಶ ಹಡಗು ಪಡೆಯೋದು ಹೇಗೆ?

ಬೆಳಗಾವಿಯ ನಮ್ಮ ಗೇಮಿಂಗ್ ಗುಂಪಿಗೆ ಬರುವ ಹೊಸಬರೂ ಮೊದಲು ಕೇಳುವುದು ಇದನ್ನೇ. ಸ್ಪೇಸ್ ಸ್ಟೇಷನ್‌ನಲ್ಲಿ ಇಳಿದ ಪೈಲಟ್ ಹತ್ತಿರ ಹೋಗಿ ಯೂನಿಟ್ಸ್ (ಗೇಮ್‌ನೊಳಗಿನ ದುಡ್ಡು) ಕೊಟ್ಟು ಅವನ ಹಡಗನ್ನು ಕೊಳ್ಳಬಹುದು. ಹಳೇ ಬೈಕ್ ಎಕ್ಸ್‌ಚೇಂಜ್ ಮಾಡಿದ ಹಾಗೆ ನಿಮ್ಮ ಹಡಗು ಕೊಟ್ಟು ಮೇಲಿನ ದುಡ್ಡು ಕಟ್ಟಿದರೂ ನಡೆಯುತ್ತದೆ.

ದುಡ್ಡಿಲ್ವಾ? ಸ್ಟೇಷನ್‌ನಲ್ಲಿ ನಕ್ಷೆ ಕೊಡುವ ಕಾರ್ಟೋಗ್ರಾಫರ್‌ಗೆ, ಗೇಮ್‌ನಲ್ಲೇ ಸಿಗುವ ನ್ಯಾವಿಗೇಷನ್ ಡೇಟಾ ಕೊಟ್ಟು ಡಿಸ್ಟ್ರೆಸ್ ಸಿಗ್ನಲ್ ಮ್ಯಾಪ್ ತಗೊಳ್ಳಿ. ಅದೃಷ್ಟವಿದ್ದರೆ ಬಿದ್ದ ಹಡಗು ತೋರಿಸುತ್ತದೆ. ಹಡಗು ಪುಕ್ಕಟೆ, ರಿಪೇರಿ ಮಾತ್ರ ಜಾಸ್ತಿ. ನೆಲದಿಂದ ಮೇಲೇರಿಸುವ ಲಾಂಚ್ ಥ್ರಸ್ಟರ್, ವೇಗ ಕೊಡುವ ಪಲ್ಸ್ ಎಂಜಿನ್ ಎರಡನ್ನೇ ಸರಿಮಾಡಿ ಹಾರಿಸಿ. ಕೆಟ್ಟ ಸ್ಲಾಟ್‌ಗಳನ್ನು (ಬಿಡಿಭಾಗ, ಸಾಮಾನು ಇಡುವ ಜಾಗಗಳನ್ನು) ಆಮೇಲೆ ನೋಡಿಕೊಳ್ಳಿ. ಇಷ್ಟವಾಗದಿದ್ದರೆ ಸ್ಟೇಷನ್‌ನಲ್ಲಿ ಸ್ಕ್ರ್ಯಾಪ್‌ಗೆ ಹಾಕಿ, ಒಳ್ಳೆ ದುಡ್ಡು ಬರುತ್ತದೆ. ನನಗಂತೂ ಈ ದಾರಿಯೇ ಇಷ್ಟ.

2023ರಲ್ಲಿ ಬಂದ ಸೆಂಟಿನೆಲ್ ಇಂಟರ್‌ಸೆಪ್ಟರ್ ಎಂಬ ಬಗೆಯ ಹಡಗು ಮಾರಾಟಕ್ಕಿಲ್ಲ, ಹುಡುಕಿಯೇ ಹಿಡಿಯಬೇಕು. 2020ರ ಜೀವಂತ ಹಡಗಿಗೆ ಮೊಟ್ಟೆ ತಂದು ಸರಣಿ ಮಿಷನ್ ಮುಗಿಸಬೇಕು. ನಡುನಡುವೆ ಸುಮ್ನೆ ಕಾಯಿಸುತ್ತದೆ, ಅವಸರದವರಿಗೆ ಅದಲ್ಲ.