ತೂಕ ಇಳಿಸೋಕೆ ಜೋಳದ ರೊಟ್ಟಿ ಬಿಡಬೇಕಾ?

ರೊಟ್ಟಿ ಬಿಟ್ಟು ಚಪಾತಿಗೆ ಬರಲಾ ಅಂತ ಕೇಳಿದ್ದೀರಿ. ಬೇಡ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 350 ಕ್ಯಾಲೊರಿ, ಗೋಧಿ ಹಿಟ್ಟಿನಲ್ಲೂ ಹೆಚ್ಚುಕಡಿಮೆ ಅಷ್ಟೇ, ಮೇಲಾಗಿ ಚಪಾತಿಗೆ ಎಣ್ಣೆ ಬೇರೆ ಸವರುತ್ತೀರಿ, ಅಲ್ವಾ? ಲೆಕ್ಕ ತಪ್ಪೋದು ರೊಟ್ಟಿ ಜೊತೆಗಿನ ಶೇಂಗಾ ಹಿಂಡಿಯಲ್ಲಿ, ಅಂದರೆ ಶೇಂಗಾ ಚಟ್ನಿಪುಡಿಯಲ್ಲಿ. ಶೇಂಗಾ 100 ಗ್ರಾಂಗೆ 560ರ ಮೇಲೆ ಕ್ಯಾಲೊರಿ, ಅದಕ್ಕೆ ಒಂದು ದೊಡ್ಡ ಚಮಚ ಎಣ್ಣೆ ಹಾಕಿಕೊಂಡರೆ ಇನ್ನೊಂದು 120, ಬದನೆಕಾಯಿ ಎಣ್ಣೆಗಾಯಿ ಇದ್ದ ದಿನವಂತೂ ಕೇಳಲೇಬೇಡಿ.

ನಾನು ಕಲಬುರಗಿಯಲ್ಲಿದ್ದು ಓಟ್ಸ್ ತಿನ್ನೋಕೆ ಹೋಗಿ ಎಂಟು ದಿನಕ್ಕೇ ಕೈಬಿಟ್ಟೆ. ಆಮೇಲೆ ನಾಲ್ಕು ರೊಟ್ಟಿಯನ್ನು ಎರಡಕ್ಕೆ ಇಳಿಸಿ, ಪುಂಡಿಪಲ್ಯ, ಗಟ್ಟಿ ಬೇಳೆ ಜಾಸ್ತಿ ಮಾಡಿದೆ. 100 ಗ್ರಾಂ ಒಣ ತೊಗರಿ ಬೇಳೆಯಲ್ಲಿ 22 ಗ್ರಾಂ ಆಸುಪಾಸು ಪ್ರೋಟೀನ್ ಇದೆ, ಬೇಗ ಹಸಿವಾಗುವುದಿಲ್ಲ.

ವಾಕಿಂಗ್ ಬೆಳಿಗ್ಗೆ ಏಳರೊಳಗೆ ಮುಗಿಸಿ, ಕಲಬುರಗಿಯಲ್ಲೇ ಇದ್ದರೆ ಇಲ್ಲಿನ ಅಪ್ಪನ ಕೆರೆ ಕಡೆ ಹೋದರೆ ಸ್ವಲ್ಪ ಗಾಳಿಯೂ ಸಿಗುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿದು. ಬಿಸಿಲಲ್ಲಿ ಓಡಿ ಬೆವರಿ ಅರ್ಧ ಕೆಜಿ ಇಳಿಯಿತು ಅಂತ ಸುಮ್ನೆ ಖುಷಿಪಡಬೇಡಿ, ಎರಡು ತಂಬಿಗೆ ನೀರು ಕುಡಿದರೆ ವಾಪಸ್ ಬರುತ್ತದೆ.