ಬರ್ಲಿನ್‌ಗೆ ಹೊರಟ ತಮ್ಮನಿಗೆ: ಯಾವ ಡಿಲೇ, ಯಾವಾಗ

ತಮಾ,

ನಿನ್ನ ಪತ್ರ ಓದಿದೆ. ಕುಮಟಾದಿಂದ ಬರ್ಲಿನ್‌ಗೆ ಎಂ.ಎಸ್. ಮಾಡಲು ಸೆಪ್ಟೆಂಬರ್‌ನಲ್ಲಿ ಹೊರಟಿದ್ದೀಯ. ಜೊತೆಗೆ ಮಾಡ್ಯುಲರ್ ಸಿಂಥ್‌ನ (ಬಿಡಿ ಮಾಡ್ಯೂಲ್‌ಗಳನ್ನು ತಂತಿಯಿಂದ ಜೋಡಿಸಿ ನುಡಿಸುವ ವಾದ್ಯದ) 84 ಎಚ್‌ಪಿ ಅಗಲದ ಪುಟ್ಟ ಕೇಸ್, ನಿನ್ನಜ್ಜ ನುಡಿಸಿದ ಚಂಡೆ-ಮದ್ದಳೆಯ ರೆಕಾರ್ಡಿಂಗ್. ನೀನು ಕೇಳಿದ್ದು ಎರಡು. ಅಲ್ಲಿ ಬದುಕು ಹೇಗೆ? ಹೋದಕೂಡಲೇ ಯಾವ ವೋಲ್ಟೇಜ್ ಕಂಟ್ರೋಲ್ಡ್ ಡಿಲೇ (ದನಿಯನ್ನು ತಡೆದು ಮರುದನಿಯಾಗಿ ಕೊಡುವ, ವೋಲ್ಟೇಜಿನ ಹಿಡಿತಕ್ಕೆ ಸಿಗುವ ಮಾಡ್ಯೂಲ್) ತಗೊಳ್ಳಲಿ, ಬಿಬಿಡಿಯೋ ಡಿಜಿಟಲ್ಲೋ, ಎಷ್ಟು ಸೆಕೆಂಡಿನದು? ನಾನು ಅಲ್ಲಿಗೆ ಹೋಗಿ ಹನ್ನೊಂದು ವರ್ಷವಾಯಿತು. ಈಗ ರಜೆಗೆ ಶಿರಸಿಯ ಮನೆಗೆ ಬಂದಿದ್ದೇನೆ. ಹಂಚಿನ ಮೇಲೆ ಮಳೆ ಹೊಡೆಯುತ್ತಿದೆ, ಕರೆಂಟ್ ಇಲ್ಲ, ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

"ಹೋದಕೂಡಲೇ" ಅನ್ನುವುದನ್ನು ಮೊದಲು ಬಿಟ್ಟುಬಿಡು. ವೀಸಾಕ್ಕೆಂದು ಖರ್ಚಿನ ದುಡ್ಡನ್ನು ಮೊದಲೇ ಇಡುವ ಬ್ಲಾಕ್ಡ್ ಅಕೌಂಟ್‌ಗೆ 11,904 ಯೂರೋ ಕಟ್ಟಿರುತ್ತೀಯ. ಅದರಿಂದ ತಿಂಗಳಿಗೆ ಕೈಗೆ ಬರುವುದು 992. ರೂಮಿನ ಬಾಡಿಗೆಗೇ ಅದರ ದೊಡ್ಡ ಪಾಲು ಹೋಗುತ್ತದೆ. ಅಡ್ವಾನ್ಸ್ ಎಂದು ಮೂರು ತಿಂಗಳ ಬಾಡಿಗೆಯವರೆಗೂ ಕೇಳಬಹುದು. ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಅನ್‌ಮೆಲ್ಡುಂಗ್ ಅನ್ನುತ್ತಾರೆ. ಇಷ್ಟೆಲ್ಲ ಮುಗಿದು ಊಟ-ನಿದ್ದೆ ಒಂದು ಹದಕ್ಕೆ ಬರುವಷ್ಟರಲ್ಲಿ ಡಿಸೆಂಬರ್. ಸಂಜೆ ನಾಲ್ಕಕ್ಕೇ ಕತ್ತಲು. ನಿನಗೆ ಡಿಲೇ ನಿಜವಾಗಿ ಬೇಕಾಗುವುದು ಆಗ. ಹಾಗಾಗಿ ಎರಡನೇ ಸೆಮಿಸ್ಟರ್‌ನ ಹೊತ್ತಿಗೆ ತಗೋ. ಅಲ್ಲಿಯವರೆಗೆ ಇರುವ ಕೇಸನ್ನೇ ನುಡಿಸು.

ಇನ್ನು ಸೆಕೆಂಡಿನ ಲೆಕ್ಕ. ಯಾಣಕ್ಕೆ ಹೋಗಿದ್ದೀಯಲ್ವಾ? ದೊಡ್ಡ ಬಂಡೆಯಿಂದ 35 ಮೀಟರ್ ದೂರ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಹೋಗಿ ಬರುವ ದಾರಿ 70 ಮೀಟರ್. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಅಂದರೆ ಮರುದನಿ ಬರುವುದು ಸೆಕೆಂಡಿನ ಐದನೇ ಒಂದು ಪಾಲಿನ ನಂತರ, 200 ಮಿಲಿಸೆಕೆಂಡ್. ಅಷ್ಟಕ್ಕೇ ಮೈ ಜುಮ್ಮೆನ್ನುತ್ತದೆ. ಹತ್ತು ಸೆಕೆಂಡಿನ ಡಿಲೇ ಇದ್ದರೆ ಹತ್ತು ಪಟ್ಟು ಚೆನ್ನಾಗಿರುತ್ತದೆ ಎಂದೇನಿಲ್ಲ.

ಬಿಬಿಡಿ ಎಂದರೆ ಬಕೆಟ್ ಬ್ರಿಗೇಡ್ ಡಿವೈಸ್. 1969ರಲ್ಲಿ ಫಿಲಿಪ್ಸ್ ಕಂಪನಿಯ ಸಂಶೋಧಕರು ಕಂಡುಹಿಡಿದದ್ದು. ನಮ್ಮಲ್ಲಿ ಮಾಡು ಹೊದೆಸುವಾಗ ಅಂಗಳದಿಂದ ಏಣಿಯವರೆಗೆ ಜನ ಸಾಲಾಗಿ ನಿಂತು ಹಂಚನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ವಾ, ಹಾಗೆ. ಚಿಪ್‌ನೊಳಗೆ ಕೆಪಾಸಿಟರ್‌ಗಳ ಸಾಲು. ಕ್ಲಾಕ್ ಬಡಿದಂತೆಲ್ಲ ದನಿಯ ತುಣುಕು ಮುಂದಿನ ಕೈಗೆ ಹೋಗುತ್ತದೆ. ಕ್ಲಾಕ್ ನಿಧಾನವಾದರೆ ಹಂಚು ಮೇಲೆ ತಲುಪುವುದು ತಡ. ಆ ಕ್ಲಾಕಿನ ವೇಗವನ್ನು ನಾವು ವೋಲ್ಟೇಜಿನಿಂದ ಬದಲಿಸುತ್ತೇವೆ. ಪ್ಯಾನಸಾನಿಕ್‌ನ ಎಂಎನ್3005 ಚಿಪ್‌ನಲ್ಲಿ 4096 ಕೈಗಳು. ಕ್ಲಾಕಿನ ಒಂದು ಸುತ್ತಿಗೆ ದನಿ ಎರಡು ಕೈ ದಾಟುತ್ತದೆ, ಹಾಗಾಗಿ ಕ್ಲಾಕ್ 10 ಕಿಲೋಹರ್ಟ್ಸ್ ಇದ್ದಾಗ ಡಿಲೇ 204.8 ಮಿಲಿಸೆಕೆಂಡ್. ನೋಡು, ಯಾಣದ ಬಂಡೆಯ ಲೆಕ್ಕವೇ ಬಂತು.

ಆದರೆ ಅಷ್ಟು ನಿಧಾನಕ್ಕೆ ಇಳಿದರೆ ಕ್ಲಾಕಿನ ಸೀಟಿಯೇ ಕಿವಿಗೆ ಕೇಳುತ್ತದೆ. 5 ಕಿಲೋಹರ್ಟ್ಸ್‌ಗಿಂತ ಮೇಲಿನ ದನಿಯೂ ಸರಿಯಾಗಿ ಉಳಿಯುವುದಿಲ್ಲ. ಮದ್ದಳೆಗೆ ಇದು ಒಗ್ಗುತ್ತದೆ, ಹಳೆಯ ಮರದ ಪೆಟ್ಟಿಗೆಯೊಳಗಿಂದ ಬಂದ ಹಾಗೆ. ಚಂಡೆಗೆ ಒಗ್ಗುವುದಿಲ್ಲ. ಕೋಲು ಚರ್ಮಕ್ಕೆ ತಾಗುವ ಆ ಚುರುಕೇ ಹೋದರೆ ಅದು ಚಂಡೆಯೇ ಅಲ್ಲ. ಡೋಪ್ಫರ್ ಕಂಪನಿಯ ಬಿಬಿಡಿ ಡಿಲೇ ಎ-188-1 ನನ್ನ ಹತ್ತಿರ ಇದೆ, ನನಗದು ತುಂಬಾ ಪ್ರೀತಿಯದು. ಆದರೆ ಅದರೊಳಗೆ ಫಿಲ್ಟರ್ ಇಲ್ಲ, ಆ ಸೀಟಿಯನ್ನು ತಡೆಯಲು ಹೊರಗೆ ಒಂದು ಲೋಪಾಸ್ ಫಿಲ್ಟರ್ ಜೋಡಿಸಬೇಕು. 84 ಎಚ್‌ಪಿಯಲ್ಲಿ ಅದಕ್ಕೆಲ್ಲ ಜಾಗ ಎಲ್ಲಿದೆ?

ನಿನಗೆ ಬೇಕಾದದ್ದು ಬೇರೆ. ಡಿಲೇ ಆರಿಸುವಾಗ ಎಷ್ಟು ಸೆಕೆಂಡ್ ಎಂದು ನೋಡಬೇಡ, ಫೀಡ್‌ಬ್ಯಾಕಿಗೆ (ಮರುದನಿಯನ್ನು ಮತ್ತೆ ಎಷ್ಟು ಒಳಗೆ ಬಿಡಬೇಕು ಎಂಬುದಕ್ಕೆ) ವೋಲ್ಟೇಜ್ ಕೊಡಲು ತೂತು ಇದೆಯಾ ನೋಡು. ಯಾಕೆ ಅಂತ ಹೇಳುತ್ತೇನೆ. ಎನ್ವಲಪ್ ಫಾಲೋವರ್ ಎಂಬ ಮಾಡ್ಯೂಲ್ ಇದೆ, ಡೋಪ್ಫರ್‌ನಲ್ಲಾದರೆ ಎ-119. ಹೊರಗಿನ ರೆಕಾರ್ಡಿಂಗನ್ನು ಮಾಡ್ಯುಲರ್‌ಗೆ ಬೇಕಾದಷ್ಟು ದೊಡ್ಡದು ಮಾಡುತ್ತದೆ. ಜೊತೆಗೆ ಅದರ ಏರಿಳಿತವನ್ನೇ ವೋಲ್ಟೇಜ್ ಆಗಿ ಹೊರಗೆ ಕೊಡುತ್ತದೆ. ಆ ವೋಲ್ಟೇಜನ್ನು ತಿರುಗಾಮುರುಗಾ (ದನಿ ಏರಿದರೆ ವೋಲ್ಟೇಜ್ ಇಳಿಯುವಂತೆ) ಮಾಡಿ ಫೀಡ್‌ಬ್ಯಾಕಿಗೆ ಚುಚ್ಚು. ಫೀಡ್‌ಬ್ಯಾಕ್ ನಾಬ್ ಮುಕ್ಕಾಲಿನಲ್ಲಿರಲಿ. ಈಗ ಏಟು ಬಿದ್ದಾಗ ಮರುದನಿ ತಗ್ಗುತ್ತದೆ, ಏಟುಗಳ ನಡುವೆ ಬಿಡುವು ಸಿಕ್ಕಿದಾಗ ಮೇಲೇಳುತ್ತದೆ. ಭಾಗವತರು ಪದ ಎತ್ತಿಕೊಂಡಾಗ ಒಳ್ಳೆಯ ಮದ್ದಳೆಗಾರ ಕೈ ಹಗುರ ಮಾಡುತ್ತಾನಲ್ವಾ, ಅಂಥದ್ದೇ ಮರ್ಯಾದೆ ಇದು.

ನಿನ್ನೆ ಸಂಜೆ ಕರೆಂಟ್ ಇದ್ದಾಗ ಇಲ್ಲೇ ಮಾಡಿ ನೋಡಿದೆ. ಪಕ್ಕದ ಮನೆಯ ತಾಳಮದ್ದಳೆಯನ್ನು ಫೋನಿನಲ್ಲಿ ಹಿಡಿದದ್ದಿತ್ತು. ತಿರುಗಿಸದ ವೋಲ್ಟೇಜ್ ಕೊಟ್ಟಾಗ ಎಲ್ಲ ಕಲಸುಮೇಲೋಗರ. ತಿರುಗಿಸಿದ ಮೇಲೆ ಪ್ರತಿ ಏಟೂ ಬೇರೆ ಬೇರೆಯಾಗಿ ಕೇಳಿತು, ಮಾತು ನಿಂತಲ್ಲಿ ಮಾತ್ರ ಹಿಂದಿನಿಂದ ಒಂದು ಅಲೆ ಬಂದು ಹೋಯಿತು. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದಳು.

ಮರುದನಿಯನ್ನು ಹೊರಗಿನ ತಾಳಕ್ಕೆ ಹೊಂದಿಸುವ ಕ್ಲಾಕ್ ಇನ್‌ಪುಟ್‌ಗೆಂದು ಜಾಸ್ತಿ ದುಡ್ಡು ಕೊಡಬೇಡ. ಮೇಳದ ನಡೆ ಏರುತ್ತದೆ, ಇಳಿಯುತ್ತದೆ. ಯಂತ್ರದ ಕ್ಲಾಕ್ ಅದರ ಹಿಂದೆ ಹೋಗುವುದಿಲ್ಲ.

ಆದ್ದರಿಂದ ನಿನಗೆ ನನ್ನ ಆಯ್ಕೆ ಡಿಜಿಟಲ್ಲೇ. ಮೇಕ್ ನಾಯ್ಸ್ ಕಂಪನಿಯ ಮಿಮಿಯೋಫೋನ್ ಎಂಬ ಡಿಲೇ ಕೇಳಿ ನೋಡು. ಅದರ ರಿಪೀಟ್ಸ್‌ಗೆ, ಅಂದರೆ ಫೀಡ್‌ಬ್ಯಾಕಿಗೆ, ವೋಲ್ಟೇಜ್ ಕೊಡಬಹುದು, ಸಮಯವೂ ತೀರಾ ಚಿಕ್ಕದರಿಂದ ಉದ್ದದವರೆಗೆ ಸಿಗುತ್ತದೆ. ಚಿಕ್ಕದರಲ್ಲಿ ಬೇರೆಯೇ ಒಂದು ಲೋಕ ಇದೆ. 5 ಮಿಲಿಸೆಕೆಂಡ್ ಡಿಲೇಗೆ ಫೀಡ್‌ಬ್ಯಾಕ್ ಜಾಸ್ತಿ ಮಾಡಿದರೆ 200 ಹರ್ಟ್ಸ್‌ನ ಶ್ರುತಿ ಏಳುತ್ತದೆ. ಚಂಡೆಯ ಒಂದೇ ಏಟು ತಂತಿ ಮೀಟಿದ ಹಾಗೆ ಕೇಳುತ್ತದೆ. ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಎಂಬ ಸಂಶೋಧಕರು 1983ರಲ್ಲಿ ಬರೆದು ತೋರಿಸಿದ ಉಪಾಯ ಇದೇ.

ಬರ್ಲಿನ್‌ನ ಶ್ನೈಡರ್ಸ್‌ಲಾಡೆನ್ ಅಂಗಡಿಗೆ ನಿನ್ನದೇ ರೆಕಾರ್ಡಿಂಗ್, ನಿನ್ನದೇ ಹೆಡ್‌ಫೋನ್ ಹಿಡಿದು ಹೋಗು. ಅಂಗಡಿಯ ಸಿಂಥ್ ದನಿಯಲ್ಲಿ ಎಲ್ಲ ಡಿಲೇಯೂ ಚೆನ್ನಾಗಿಯೇ ಕೇಳುತ್ತದೆ. ಆನ್‌ಲೈನ್‌ನಲ್ಲಿ ಅಲ್ಲಿನ ಅಂಗಡಿಯಿಂದ ಕೊಂಡರೆ 14 ದಿನದೊಳಗೆ ವಾಪಸ್ ಕೊಡುವ ಹಕ್ಕಿದೆ. ಅಮೆರಿಕದಿಂದ ತರಿಸಬೇಡ, ಬಾಗಿಲಿಗೆ ಬರುವಷ್ಟರಲ್ಲಿ 19 ಶೇಕಡಾ ತೆರಿಗೆ ಸೇರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಂಡರೆ ಮಾಡ್ಯೂಲಿಗೆ ಕರೆಂಟ್ ಕೊಡುವ ರಿಬ್ಬನ್ ಕೇಬಲ್ ಮೇಲೆ ಕಣ್ಣಿಡು. ಕೆಂಪು ಗೆರೆ ಮೈನಸ್ 12 ವೋಲ್ಟ್ ಕಡೆಗೆ ಬರಬೇಕು. ಮೊದಲ ಚಳಿಗಾಲದಲ್ಲಿ ನಾನು ಅದನ್ನು ಉಲ್ಟಾ ಹಾಕಿದೆ. ಸುಟ್ಟ ವಾಸನೆ ಬಂದಾಗ ಅಡುಗೆಮನೆಗೆ ಓಡಿದೆ, ಒಲೆ ಆರಿತ್ತು. ಆರು ತಿಂಗಳು ದುಡ್ಡು ಕೂಡಿಸಿ ಕೊಂಡ ಡಿಲೇ ಅದು. ಆ ರಾತ್ರಿ ಊರಿಗೆ ಫೋನ್ ಮಾಡಿದೆ, ವಿಷಯ ಹೇಳಲು ಬಾಯಿ ಬರಲಿಲ್ಲ.

ಇಲ್ಲಿ ರಾತ್ರಿಯಿಡೀ ಚಂಡೆ ಬಾರಿಸಿದರೂ ಯಾರೂ ಏನೂ ಅನ್ನುವುದಿಲ್ಲ. ಅಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವ ಹಾಗಿಲ್ಲ, ಭಾನುವಾರವೂ ಇಲ್ಲ. ನನಗೆ ಮೊದಮೊದಲು ಉಸಿರು ಕಟ್ಟಿದಂತಾಗುತ್ತಿತ್ತು. ಹಾಗಾಗಿ ಡಿಲೇಗಿಂತ ಮೊದಲು ಒಳ್ಳೆಯ ಹೆಡ್‌ಫೋನ್ ತಗೋ. ಪಕ್ಕದ ಮನೆಯವರ ಹೆಸರು ತಿಳಿದುಕೋ, ಕಂಡಾಗ ಮಾತಾಡಿಸು. ಮೂರನೇ ವರ್ಷ ನನ್ನ ಕೆಳಗಿನ ಮನೆಯ ಅಜ್ಜಿಯೇ ಬಂದು, ನೀನು ನುಡಿಸುವುದನ್ನು ಒಮ್ಮೆ ಕೇಳಿಸು ಎಂದರು.

ಹೊರಡುವ ಮೊದಲು ಜ್ಯಾಕ್‌ಗಳಿಗೆಲ್ಲ ಕಾಂಟ್ಯಾಕ್ಟ್ ಕ್ಲೀನರ್ ಹಾಕು, ಕುಮಟಾದ ಉಪ್ಪುಗಾಳಿ ಒಳಗೆ ಕೂತಿರುತ್ತದೆ. ಕರೆಂಟ್ ಅಲ್ಲೂ 230 ವೋಲ್ಟೇ, ಪಿನ್ ಮಾತ್ರ ಬೇರೆ. ಅಜ್ಜನ ರೆಕಾರ್ಡಿಂಗನ್ನು ಎಂಪಿ3 ಮಾಡದೆ ಮೂಲ ಫೈಲನ್ನೇ ಎರಡು ಕಡೆ ಇಟ್ಟುಕೋ. ನಾನು ಆಗಸ್ಟ್‌ನಲ್ಲಿ ವಾಪಸ್ ಹೋಗುತ್ತೇನೆ. ನೀನು ಬಂದ ಮೇಲೆ ಒಂದು ಶನಿವಾರ ಕೇಸ್ ತಗೊಂಡು ಮನೆಗೆ ಬಾ. ನನ್ನ ಎ-188-1ಗೆ ಅಜ್ಜನ ಮದ್ದಳೆ ಹಾಕಿ ಕೇಳೋಣ, ಅಪ್ಪೆಹುಳಿ ಅನ್ನ ಮಾಡಿರುತ್ತೇನೆ.

ಅಕ್ಕ