ಭತ್ತ ಬೆಳೆಸಿದ ಸಿರಿ: ಸೌತ್ ಕ್ಯಾರೊಲೈನಾ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಸರ್, ನಮ್ಮ ಮಗಳು-ಅಳಿಯ ಕೆಲಸದ ಮೇಲೆ ಸೌತ್ ಕ್ಯಾರೊಲೈನಾದ ಚಾರ್ಲ್ಸ್‌ಟನ್‌ನಲ್ಲಿದ್ದಾರೆ. ನಾವಿಬ್ಬರೂ ಹೊರಟಿದ್ದೇವೆ. ಅಮೆರಿಕಕ್ಕೆ ಹೋಗಿಬಂದ ನಮ್ಮ ನೆಂಟರಿಗೆಲ್ಲ ನ್ಯೂಯಾರ್ಕ್, ನಯಾಗರಾ ಬಿಟ್ಟರೆ ಬೇರೆ ಗೊತ್ತಿಲ್ಲ. ಅಲ್ಲಿ ನೋಡುವಂಥದ್ದು ಏನಾದರೂ ಇದೆಯಾ? (ಓದುಗರು, ಮೈಸೂರು)

ಉತ್ತರ: ಬೇಕಾದಷ್ಟು ಇದೆ. 1663ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆ ಈ ಕಡೆಯ ನೆಲವನ್ನು ತನ್ನ ಎಂಟು ಜನ ಆಪ್ತರಿಗೆ ಬರೆದುಕೊಟ್ಟ. 1670ರಲ್ಲಿ ಅವನ ಹೆಸರಲ್ಲೇ ಊರು ಎದ್ದಿತು. ಶುರುವಿನಲ್ಲಿ ಬಂದವರಲ್ಲಿ ಬಾರ್ಬಡೋಸ್ ದ್ವೀಪದ ತೋಟದ ಮಾಲೀಕರು ತುಂಬಾ ಜನ. ಅಲ್ಲಿ ಗುಲಾಮರನ್ನಿಟ್ಟು ಕಬ್ಬು ಬೆಳೆಸಿ ದುಡ್ಡು ಮಾಡಿದ್ದ ಅವರು, ಆ ಪದ್ಧತಿಯನ್ನೂ ಅದರ ಕಾನೂನನ್ನೂ ಜೊತೆಗೇ ತಂದರು.

ಆಶ್ಲಿ, ಕೂಪರ್ ನದಿಗಳು ಸೇರುವ ಕಡೆ ಇರುವ ಹಳೇ ಪೇಟೆ ನಿಜಕ್ಕೂ ಚೆಂದ. ರೇನ್‌ಬೋ ರೋ ಅನ್ನುವ ಸಾಲಿನಲ್ಲಿ ಗುಲಾಬಿ, ಹಳದಿ, ತಿಳಿನೀಲಿ ಮನೆಗಳಿವೆ, ನಿಮ್ಮ ಮಗಳು ಮೊದಲ ದಿನವೇ ಕರೆದುಕೊಂಡು ಹೋಗಿ ಫೋಟೋ ತೆಗೆಯುತ್ತಾಳೆ. ಆದರೆ ನನ್ನ ಮಾತು ಕೇಳಿ, ಅದಕ್ಕೂ ಮುಂಚೆ ಇನ್ನೆರಡು ಜಾಗ ನೋಡಿ. ಒಂದು, ಚಾಮರ್ಸ್ ಬೀದಿಯ ಓಲ್ಡ್ ಸ್ಲೇವ್ ಮಾರ್ಟ್. ಬಯಲಲ್ಲಿ ಮನುಷ್ಯರನ್ನು ಹರಾಜು ಹಾಕಬಾರದು ಅಂತ 1856ರಲ್ಲಿ ಊರಿನವರು ನಿಯಮ ಮಾಡಿದರು. ವ್ಯಾಪಾರವೇನೂ ನಿಲ್ಲಲಿಲ್ಲ, ಗೋಡೆಯ ಒಳಗೆ ಹೋಯಿತು ಅಷ್ಟೆ. ಇನ್ನೊಂದು, ಗ್ಯಾಡ್ಸ್‌ಡೆನ್ಸ್ ವಾರ್ಫ್ ಎಂಬ ಹಡಗುಕಟ್ಟೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ. ಅಮೆರಿಕದ ನೆಲಕ್ಕೆ ಹಡಗಲ್ಲಿ ತಂದ ಆಫ್ರಿಕನ್ನರಲ್ಲಿ ಹತ್ತಿರಹತ್ತಿರ ಶೇ 40ರಷ್ಟು ಜನ ಇಳಿದದ್ದು ಚಾರ್ಲ್ಸ್‌ಟನ್ ಸುತ್ತಮುತ್ತ ಅಂತ ಇತಿಹಾಸಕಾರರ ಅಂದಾಜು. ಮ್ಯೂಸಿಯಂ ನಿಂತಿರುವುದು ಅವರನ್ನು ಇಳಿಸುತ್ತಿದ್ದ ಆ ಕಟ್ಟೆಯ ಜಾಗದಲ್ಲೇ. ಇದನ್ನು ನೋಡಿ ಆಮೇಲೆ ಬಣ್ಣದ ಮನೆಗಳ ಮುಂದೆ ನಿಲ್ಲಿ. ಆ ಮನೆ ಕಟ್ಟಿದ ದುಡ್ಡು ಯಾರ ಬೆವರು ಅನ್ನುವುದು ಗೊತ್ತಿದ್ದು ನೋಡಬೇಕು.

ಪ್ರಶ್ನೆ: ಅಮೆರಿಕದವರು ಬ್ರೆಡ್ಡು ತಿನ್ನುವವರು. ಸೌತ್ ಕ್ಯಾರೊಲೈನಾದಲ್ಲಿ ಭತ್ತ ಬೆಳೆಯುತ್ತಿದ್ದರು ಅಂತ ಓದಿದೆ, ನಿಜವಾ? ನಾವು ಗಜನಿ ಗದ್ದೆಯ (ಉಬ್ಬರಕ್ಕೆ ಉಪ್ಪುನೀರು ನುಗ್ಗುವ ಗದ್ದೆ) ಕಡೆಯವರು, ಅದಕ್ಕೇ ಕುತೂಹಲ. (ಓದುಗರು, ಕುಮಟಾ)

ಉತ್ತರ: ನಿಜ. ಈ ರಾಜ್ಯ ಸಿರಿವಂತವಾಗಿದ್ದೇ ಭತ್ತದಿಂದ. ಕ್ಯಾರೊಲೈನಾ ಗೋಲ್ಡ್ ಅನ್ನುವ ತಳಿ, ತೆನೆ ಹಣ್ಣಾದಾಗ ಹೊಟ್ಟು ಚಿನ್ನದ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೇ ಆ ಹೆಸರು.

ಬೇಸಾಯದ ವಿಧಾನ ನಿಮಗೆ ಬೇಗ ಅರ್ಥವಾಗುತ್ತದೆ, ಯಾಕೆಂದರೆ ಅಘನಾಶಿನಿ ದಂಡೆಯಲ್ಲಿ ನೀವು ಉಬ್ಬರ-ಇಳಿತ ನೋಡಿಕೊಂಡೇ ಬೆಳೆದವರು. ವ್ಯತ್ಯಾಸ ಏನಂದರೆ, ನಿಮ್ಮ ಕಗ್ಗ ತಳಿಯ ಭತ್ತ ಉಪ್ಪುನೀರು ತಡೆಯುತ್ತದೆ, ಅವರ ಭತ್ತ ತಡೆಯುವುದಿಲ್ಲ. ಹಾಗಾಗಿ ಅವರು ಸಮುದ್ರದಿಂದ ಸ್ವಲ್ಪ ಒಳಗೆ, ಉಪ್ಪು ತಲುಪದ, ಆದರೆ ಉಬ್ಬರಕ್ಕೆ ನದಿಯ ಸಿಹಿನೀರು ಮೇಲೇರುವ ಜಾಗ ಹುಡುಕಿದರು. ಸೈಪ್ರೆಸ್ ಕಾಡು ಕಡಿದು, ಕೆಸರಲ್ಲಿ ಮೈಲಿಗಟ್ಟಲೆ ಏರಿ ಹಾಕಿದರು. ಏರಿಯ ಅಡಿಯಲ್ಲಿ ಮರದ ತೂಬು, ಉದ್ದನೆ ಪೆಟ್ಟಿಗೆ ಥರ, ಎರಡೂ ತುದಿಗೆ ಒಂದೊಂದು ಬಾಗಿಲು. ಉಬ್ಬರ ಬರುವಾಗ ನದಿ ಕಡೆಯ ಬಾಗಿಲನ್ನು ಮೇಲೆತ್ತುತ್ತಾರೆ, ನುಗ್ಗಿದ ನೀರು ಗದ್ದೆ ಕಡೆಯ ಬಾಗಿಲನ್ನು ತಾನೇ ತಳ್ಳಿಕೊಂಡು ಒಳಗೆ ಹೋಗುತ್ತದೆ. ಇಳಿತ ಶುರುವಾದಾಗ ಗದ್ದೆಯ ನೀರು ವಾಪಸ್ ಒತ್ತುವುದರಿಂದ ಆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ನೀರು ಖಾಲಿ ಮಾಡಬೇಕಾದರೆ ಇದನ್ನೇ ತಿರುಗಿಸಿ ಮಾಡಿದರಾಯಿತು. ಪಂಪಿಲ್ಲ, ಏತವಿಲ್ಲ.

ಈ ಗದ್ದೆಗಳಲ್ಲಿ ದುಡಿದವರು ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಜನ. ಸೆನೆಗಲ್, ಗ್ಯಾಂಬಿಯಾ, ಸಿಯೆರಾ ಲಿಯೋನ್ ಕಡೆಯವರಿಗೆ ಭತ್ತದ ಬೇಸಾಯ ತಲೆತಲಾಂತರದಿಂದ ಗೊತ್ತಿತ್ತು. ಮಾಲೀಕರಿಗೂ ಅದು ಗೊತ್ತಿತ್ತು, ಗುಲಾಮರ ಮಾರಾಟದ ಜಾಹೀರಾತಿನಲ್ಲೇ 'ಅಕ್ಕಿ ಕರಾವಳಿಯವರು' ಅಂತ ಹಾಕುತ್ತಿದ್ದರು. ಹಗಲೆಲ್ಲ ಗದ್ದೆ, ಕೊಯ್ಲು ಮುಗಿದ ಮೇಲೆ ಒರಳಿಗೆ ಹಾಕಿ ಒನಕೆಯಲ್ಲಿ ಕುಟ್ಟುವುದು, ಬುಟ್ಟಿಯಲ್ಲಿ ಕೇರುವುದು. ಬೇಸಿಗೆಯಲ್ಲಿ ಮಲೇರಿಯಾ ಹೆದರಿಕೆಗೆ ಮಾಲೀಕರ ಸಂಸಾರ ಪೇಟೆಗೋ ಬೆಟ್ಟಕ್ಕೋ ಹೊರಟುಹೋಗುತ್ತಿತ್ತು, ನಿಂತ ನೀರಲ್ಲಿ ನಿಲ್ಲಬೇಕಾದವರು ಅಲ್ಲೇ ನಿಂತರು. ಎಷ್ಟೋ ಮಕ್ಕಳು ದೊಡ್ಡವರಾಗುವ ಮುಂಚೆಯೇ ತೀರಿಕೊಂಡವು. ಇದನ್ನು ಓದುವಾಗೆಲ್ಲ ನನಗೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಆ ಕೇರುವ ಬುಟ್ಟಿ ಇವತ್ತಿಗೂ ಇದೆ. ಗುಲ್ಲಾ ಅನ್ನುವ ಆ ಜನರ ಮೊಮ್ಮಕ್ಕಳು-ಮರಿಮಕ್ಕಳು ಮೌಂಟ್ ಪ್ಲೆಸೆಂಟ್ ಊರಿನ 17ನೇ ಹೆದ್ದಾರಿ ಪಕ್ಕ ಚಿಕ್ಕ ಅಂಗಡಿ ಇಟ್ಟುಕೊಂಡು ಹೆಣೆದು ಮಾರುತ್ತಾರೆ. ಸ್ವೀಟ್‌ಗ್ರಾಸ್ ಎಂಬ ಹುಲ್ಲಿನ ಹಿಡಿಯನ್ನು ಸುರುಳಿ ಸುತ್ತುತ್ತಾ, ತಾಳೆಗರಿಯ ತೆಳು ಪಟ್ಟಿಯಿಂದ ಹೊಲಿಯುತ್ತಾ ಹೋಗುತ್ತಾರೆ. ನಡುನಡುವೆ ಪೈನ್ ಎಲೆಯ ಕಂದು ಸುತ್ತು. ಪಟ್ಟಿ ತೂರಿಸಲು ತೂತು ಮಾಡುವ ಸಾಧನ ಬಹಳ ಸಲ ಒಂದು ಹಳೇ ಚಮಚದ ಹಿಡಿ, ಚಪ್ಪಟೆ ಮಾಡಿ ತುದಿ ಚೂಪು ಮಾಡಿದ್ದು. ಬೆಲೆ ಕೇಳಿದರೆ ಜಾಸ್ತಿ ಅನ್ನಿಸಬಹುದು, ದಯವಿಟ್ಟು ಚೌಕಾಸಿ ಮಾಡಬೇಡಿ. ದೊಡ್ಡ ಬುಟ್ಟಿಗೆ ವಾರಗಟ್ಟಲೆ ಕೆಲಸ ಹಿಡಿಯುತ್ತದೆ.

ಗುಲಾಮಗಿರಿ ಹೋದ ಮೇಲೆ ಈ ಬೇಸಾಯ ಉಳಿಯಲಿಲ್ಲ. ಮೆತ್ತನೆ ಕೆಸರಲ್ಲಿ ಯಂತ್ರ ಇಳಿಸುವ ಹಾಗಿರಲಿಲ್ಲ, 1893ರಂಥ ಚಂಡಮಾರುತಗಳು ಏರಿಗಳನ್ನೇ ಕೊಚ್ಚಿದವು, ಭತ್ತ ಲೂಸಿಯಾನಾ, ಅರ್ಕಾನ್ಸಾ ಕಡೆ ಹೋಯಿತು. ಹಳೇ ಗದ್ದೆಗಳು ಎಷ್ಟೋ ಕಡೆ ಈಗ ಬಾತುಕೋಳಿ, ಕೊಕ್ಕರೆಗಳ ತಾಣ.

ಪ್ರಶ್ನೆ: ಅಷ್ಟು ಕಷ್ಟವನ್ನು ಆ ಜನ ಸುಮ್ನೆ ಸಹಿಸಿಕೊಂಡರಾ? (ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಸಹಿಸಲಿಲ್ಲ. 1739ರ ಸೆಪ್ಟೆಂಬರ್‌ನಲ್ಲಿ ಸ್ಟೋನೋ ನದಿ ಹತ್ತಿರ ಒಂದು ಗುಂಪು ಅಂಗಡಿ ಒಡೆದು ಬಂದೂಕು ತೆಗೆದುಕೊಂಡು, ಡೋಲು ಬಾರಿಸುತ್ತಾ ಸ್ಪೇನಿನವರ ಫ್ಲಾರಿಡಾ ಕಡೆ ನಡೆಯಿತು. ಅಲ್ಲಿ ಹೋದವರಿಗೆ ಬಿಡುಗಡೆ ಸಿಗುತ್ತಿತ್ತು. ದಂಗೆಯನ್ನು ಅಡಗಿಸಿದರು. ಮರುವರ್ಷದ ಕಾನೂನು ಗುಲಾಮರಿಗೆ ಬರವಣಿಗೆ ಕಲಿಸುವುದನ್ನೂ ಡೋಲನ್ನೂ ನಿಷೇಧಿಸಿತು.

ನೀವು ವಿದ್ಯಾರ್ಥಿ ಅಂದಿದ್ದೀರಿ, ಹಾಗಾದರೆ ರಾಬರ್ಟ್ ಸ್ಮಾಲ್ಸ್ ಹೆಸರು ನೆನಪಿಟ್ಟುಕೊಳ್ಳಿ. ಬ್ಯೂಫರ್ಟ್ ಊರಲ್ಲಿ ಗುಲಾಮನಾಗಿ ಹುಟ್ಟಿದ ಇವರು ಅಂತರ್ಯುದ್ಧದ ಹೊತ್ತಿಗೆ, ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟ ಬಿಟ್ಟ ದಕ್ಷಿಣದವರ 'ಪ್ಲಾಂಟರ್' ಹಡಗು ನಡೆಸುತ್ತಿದ್ದರು. ಆಗ 23 ವರ್ಷ. 1862ರ ಮೇ 13ರ ನಸುಕಿನಲ್ಲಿ, ಬಿಳಿಯ ಅಧಿಕಾರಿಗಳು ದಡದಲ್ಲಿ ಮಲಗಿದ್ದಾಗ, ಜೊತೆಯವರನ್ನು ಸೇರಿಸಿಕೊಂಡು ಹಡಗು ಬಿಟ್ಟರು. ಇನ್ನೊಂದು ಕಟ್ಟೆಯಲ್ಲಿ ಕಾಯುತ್ತಿದ್ದ ಹೆಂಡತಿ-ಮಕ್ಕಳನ್ನು ಹತ್ತಿಸಿಕೊಂಡರು. ಕ್ಯಾಪ್ಟನ್ನನ ಹುಲ್ಲಿನ ಟೋಪಿ ಹಾಕಿಕೊಂಡು, ಅವನ ಹಾಗೇ ನಿಂತು, ಒಂದೊಂದು ಕೋಟೆ ಬಂದಾಗಲೂ ಸರಿಯಾದ ಸೀಟಿ ಹೊಡೆದು ದಾಟಿದರು. ಹೊರಗೆ ಸಮುದ್ರದಲ್ಲಿ ಉತ್ತರದವರ ನೌಕೆಗಳು ಕಂಡೊಡನೆ ಬಿಳಿ ಹೊದಿಕೆ ಏರಿಸಿ ಹಡಗನ್ನು ಅವರಿಗೆ ಒಪ್ಪಿಸಿದರು. ಮುಂದೆ ಅಮೆರಿಕದ ಸಂಸತ್ತಿಗೆ ಆರಿಸಿಬಂದರು. ತಾವು ಗುಲಾಮರಾಗಿದ್ದ ಮಾಲೀಕನ ಮನೆಯನ್ನೇ ಕೊಂಡು ವಾಸ ಮಾಡಿದರು, ಬ್ಯೂಫರ್ಟ್‌ನ ಪ್ರಿನ್ಸ್ ಬೀದಿಯಲ್ಲಿ ಆ ಮನೆ ಇನ್ನೂ ಇದೆ. ಪಕ್ಕದ ಸೇಂಟ್ ಹೆಲೆನಾ ದ್ವೀಪದ ಪೆನ್ ಸೆಂಟರ್‌ಗೂ ಹೋಗಬೇಕು. ಬಿಡುಗಡೆಯಾದ ಗುಲಾಮರಿಗಾಗಿ 1862ರಲ್ಲಿ ಶುರುವಾದ ಶಾಲೆ ಅದು.

ಪ್ರಶ್ನೆ: ಈ ರಾಜ್ಯದ ಬಾವುಟದಲ್ಲಿ ತಾಳೆಯಂಥ ಮರ ಯಾಕಿದೆ? (ಓದುಗರು, ತುಮಕೂರು)

ಉತ್ತರ: ಅದು ಪಾಲ್‌ಮೆಟೋ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1776ರ ಜೂನ್ 28ರಂದು ಬ್ರಿಟಿಷ್ ನೌಕಾಪಡೆ ಸಲ್ಲಿವನ್ಸ್ ದ್ವೀಪದ ಅರ್ಧಂಬರ್ಧ ಕಟ್ಟಿದ ಕೋಟೆಯ ಮೇಲೆ ಗುಂಡು ಹಾರಿಸಿತು. ಗೋಡೆ ಪಾಲ್‌ಮೆಟೋ ದಿಮ್ಮಿ ಮತ್ತು ಮರಳಿನದು. ಮರ ಮೆದು, ನಾರು ಜಾಸ್ತಿ, ಗುಂಡು ಬಡಿದರೆ ಒಡೆಯುವ ಬದಲು ಒಳಗೇ ಹೂತುಕೊಳ್ಳುತ್ತಿತ್ತು. ಹಡಗುಗಳು ಸೋತು ವಾಪಸಾದವು. ಕೋಟೆಗೆ ಆಮೇಲೆ ಅದರ ದಳಪತಿ ಮೌಲ್ಟ್ರಿಯ ಹೆಸರು ಬಂತು.

ಅಲ್ಲಿ ನಿಂತರೆ ಫೋರ್ಟ್ ಸಮ್ಟರ್ ಎದುರಿಗೇ ಕಾಣುತ್ತದೆ. 1860ರ ಡಿಸೆಂಬರ್ 20ರಂದು ಅಮೆರಿಕದ ಒಕ್ಕೂಟ ಬಿಟ್ಟ ಮೊದಲ ರಾಜ್ಯ ಇದೇ. ಆಗ ಇಲ್ಲಿನ ಜನರಲ್ಲಿ ಶೇ 57ರಷ್ಟು ಗುಲಾಮರು. 1861ರ ಏಪ್ರಿಲ್ 12ರ ಬೆಳಗಿನ ಜಾವ ಸಮ್ಟರ್ ಮೇಲೆ ಬಿದ್ದ ಗುಂಡಿನಿಂದಲೇ ಅಂತರ್ಯುದ್ಧ ಶುರು. ರಾಜ್ಯಗಳ ಹಕ್ಕಿಗಾಗಿ ನಡೆದ ಯುದ್ಧ ಅಂತ ಈಗಲೂ ಕೆಲವರು ಹೇಳುತ್ತಾರೆ, ಆದರೆ ಒಕ್ಕೂಟ ಬಿಡುವಾಗ ಈ ರಾಜ್ಯದವರೇ ಹೊರಡಿಸಿದ ಹೇಳಿಕೆ ಓದಿ ನೋಡಿ, ಗುಲಾಮಗಿರಿಯ ಮಾತೇ ಅದರ ತುಂಬಾ ಇದೆ.

ಪ್ರಶ್ನೆ: ಇಂಡಿಯಾಕ್ಕೂ ಈ ರಾಜ್ಯಕ್ಕೂ ಏನಾದರೂ ನಂಟು ಇದೆಯಾ? (ಓದುಗರು, ಚಿಕ್ಕಮಗಳೂರು)

ಉತ್ತರ: ಬಟ್ಟೆಗೆ ಬಣ್ಣ ಕೊಡುವ ನೀಲಿ (ಇಂಡಿಗೋ) ಬೆಳೆಯ ನಂಟಿದೆ. 1740ರ ದಶಕದಲ್ಲಿ ಎಲೈಜಾ ಲೂಕಸ್ ಎಂಬ ಯುವತಿ ಇಲ್ಲಿ ನೀಲಿ ಗಿಡ ಬೆಳೆಸುವುದರಲ್ಲಿ ಗೆದ್ದಳು. ಬ್ರಿಟನ್ ಸಹಾಯಧನ ಕೊಟ್ಟು ಕೊಳ್ಳುತ್ತಿತ್ತು. ಅಮೆರಿಕ ಸ್ವತಂತ್ರವಾದ ಮೇಲೆ ಆ ಸಹಾಯಧನ ನಿಂತಿತು, ಬ್ರಿಟಿಷರು ಬಂಗಾಳದ ಕಡೆ ತಿರುಗಿದರು. ಅಲ್ಲಿನ ರೈತರು ಪಟ್ಟ ಪಾಡು ನಮಗೆ ಗೊತ್ತೇ ಇದೆ. ನೀವು ಚಿಕ್ಕಮಗಳೂರಿನವರಾದ್ದರಿಂದ ಇನ್ನೊಂದು ಮಾತು: ವಾಡ್‌ಮಲಾ ದ್ವೀಪದಲ್ಲಿ ಟೀ ತೋಟ ಇದೆ, ಚಪ್ಪಟೆ ನೆಲದಲ್ಲಿ, ಚಿಗುರು ಕೊಯ್ಯುವುದು ಯಂತ್ರ.

ಪ್ರಶ್ನೆ: ಮಕ್ಕಳ ಜೊತೆ ಎರಡು ಮೂರು ದಿನ ಹೋಗುತ್ತೇವೆ. ಯಾವಾಗ ಹೋಗಬೇಕು, ಎಲ್ಲೆಲ್ಲಿ ಹೋಗಬೇಕು? (ಓದುಗರು, ಬೆಂಗಳೂರು)

ಉತ್ತರ: ಮಾರ್ಚ್-ಏಪ್ರಿಲ್ ಚೆನ್ನಾಗಿರುತ್ತದೆ. ಆಗಸ್ಟ್-ಸೆಪ್ಟೆಂಬರ್ ಬೇಡ, ಸೆಕೆ ಜಾಸ್ತಿ, ಚಂಡಮಾರುತದ ಕಾಲವೂ ಹೌದು. ಮಕ್ಕಳಿಗೆ ಸಮ್ಟರ್‌ಗೆ ಹೋಗುವ ದೋಣಿ ಇಷ್ಟವಾಗುತ್ತದೆ. ಪೇಟ್ರಿಯಟ್ಸ್ ಪಾಯಿಂಟ್‌ನಲ್ಲಿ ಯಾರ್ಕ್‌ಟೌನ್ ಎಂಬ ವಿಮಾನವಾಹಕ ಹಡಗನ್ನೇ ಹತ್ತಿ ಓಡಾಡಬಹುದು. ಜಾನ್ಸ್ ದ್ವೀಪದ ಏಂಜೆಲ್ ಓಕ್ ಮರದ ಕೊಂಬೆಗಳು ನೆಲ ಮುಟ್ಟಿ ಮತ್ತೆ ಮೇಲೆದ್ದಿವೆ, ಮಕ್ಕಳು ಹತ್ತಲು ಹೋಗುತ್ತಾರೆ, ಬಿಡುವುದಿಲ್ಲ. ಒಂದು ದಿನ ಜಾಸ್ತಿ ಸಿಕ್ಕರೆ ರಾಜಧಾನಿ ಕೊಲಂಬಿಯಾ ಹತ್ತಿರದ ಕಾಂಗರಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ, ನೀರಲ್ಲಿ ನಿಂತ ಸೈಪ್ರೆಸ್ ಕಾಡಿನ ಮೇಲೆ ಹಲಗೆಯ ದಾರಿ ಹಾಕಿದ್ದಾರೆ. ಊಟಕ್ಕೆ ಅಕ್ಕಿ-ಅಲಸಂದೆಯ ಹಾಪಿನ್ ಜಾನ್ ಸಿಗುತ್ತದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಹಂದಿಮಾಂಸ ಹಾಕುತ್ತಾರೆ, ಸಸ್ಯಾಹಾರಿಗಳಾದರೆ ಕೇಳಿಕೊಂಡೇ ತರಿಸಿಕೊಳ್ಳಿ.